ಗುರುವಿನ ಬರಹದಲ್ಲಿ ತಪ್ಪು ಕಂಡಾಗ



ಮಗುವಿನ ನೋಟುಪುಸ್ತಕವೆಂಬುದು ಮನೆಗೂ ಶಾಲೆಗೂ ನಡುವೆ ದಿನನಿತ್ಯ ಹೋಗಿಬರುವ ದೂತನಿದ್ದಂತೆ. ಶಾಲೆಯಲ್ಲಿ ಏನು ನಡೆಯಿತೆಂಬುದನ್ನು ಅದು ಮನೆಗೆ ತಿಳಿಸುತ್ತದೆ. ಮಗುವಿನ ವಿದ್ಯೆಯ ಕಡೆಗೆ ಮನೆಯವರ ಲಕ್ಷ್ಯ ಎಷ್ಟಿದೆಯೆಂಬುದನ್ನು ಶಾಲೆಗೆ ತಿಳಿಸುತ್ತದೆ. ಆ ಪುಸ್ತಕದಲ್ಲಿ ಮಗುವಿನ ತಪ್ಪು ಕಂಡರೆ ತಿದ್ದುವುದು ಹೇಗೆಂದು ನಮಗೆಲ್ಲರಿಗೂ ಗೊತ್ತು. ಆದರೆ ತಿದ್ದಬೇಕಾದ ಗುರುಗಳ ಕೆಂಪು ಶಾಯಿಯಲ್ಲಿಯೇ ತಪ್ಪು ಕಂಡರೆ ತಂದೆತಾಯಿಗಳು ಏನು ಮಾಡಬೇಕು? ಗುರುನಿಂದೆಯಾದೀತೆಂದು ಸುಮ್ಮನಿರಬೇಕೆ? ಶಾಲೆಗೆ ಹೋಗಿ ಜಗಳ ಮಾಡಬೇಕೆ? ರಾಯಚೂರು, ಮಾನ್ವಿ, ದೇವದುರ್ಗಗಳ ಗೃಹಸ್ಥರೊಡನೆ ಮಾತನಾಡುವಾಗ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಉತ್ತರ ಹೇಳುವ ಮೊದಲು ನಮ್ಮ ಮನೆಯಲ್ಲಿಯೇ ನಡೆದ ಪ್ರಸಂಗವೊಂದನ್ನು ಮುಚ್ಚುಮರೆಯಿಲ್ಲದೆ ಹೇಳಬಯಸುತ್ತೇವೆ. ಏಕೆಂದರೆ ಈ ವಿಷಯದಲ್ಲಿ ಮೊದಲು ತಪ್ಪಿದವರು ನಾವೇ.

ನಾಲ್ಕು ವರ್ಷಗಳ ಹಿಂದೆ ನಮ್ಮ ಮೊಮ್ಮಗಳು ರಾಯಚೂರಿನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಳು. ಒಂದು ಸಂಜೆ ಅವಳ ಕನ್ನಡ ನೋಟುಪುಸ್ತಕವನ್ನು ನೋಡುತ್ತಿದ್ದೆವು. ಮಗು 'ಪರೀಕ್ಷೆ' ಎಂದು ಸರಿಯಾಗಿಯೇ ಬರೆದಿತ್ತು. ಅದಕ್ಕೆ ಕೆಂಪು ಸುತ್ತು ಬಿದ್ದು, ಪಕ್ಕದಲ್ಲಿ 'ಪರಿಕ್ಷೆ' ಎಂದು ತಿದ್ದಲಾಗಿತ್ತು. ಕೆಳಗೆ ಐದು ಸಲ ಬರೆಯಬೇಕೆಂಬ ಆಜ್ಞೆಯೂ ಇತ್ತು. ಮಗು ಆಜ್ಞೆಯನ್ನು ಪಾಲಿಸಿ, ಸರಿಯಾದ ಪದವನ್ನು ಬಿಟ್ಟು ತಪ್ಪು ಪದವನ್ನು ಐದು ಸಲ ದುಂಡಗೆ ಬರೆದಿತ್ತು.

ನಾವು ನಕ್ಕೆವು. ಊಟಕ್ಕೆ ಕುಳಿತಾಗ ಮಗನಿಗೂ ಸೊಸೆಗೂ ತೋರಿಸಿದೆವು, ಅವರೂ ನಕ್ಕರು. ಮಗ ಆ ಪುಟದ ಫೋಟೋ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಕಳುಹಿಸಿದ. ಅಲ್ಲಿಯೂ ನಗೆ ಹರಿಯಿತು. "ಇಂಥವರು ಕಲಿಸಿದ ಮೇಲೆ ಮಕ್ಕಳ ಗತಿ ಮುಗಿದಂತೆ" ಎಂಬ ಮಾತು ನಮ್ಮ ಬಾಯಿಂದಲೇ ಹೊರಟಿತು. ತಟ್ಟೆಯ ಮುಂದೆ ಕುಳಿತಿದ್ದ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಮರುದಿನ ತರಗತಿಯಲ್ಲಿ ಎದ್ದುನಿಂತು, "ಅಕ್ಕೋರೆ, ನಿಮಗ ಪರೀಕ್ಷೆ ಅಂತ ಬರಿಯಾಕ ಬರಲ್ಲಂತ, ನಮ್ಮ ತಾತ ಹೇಳ್ಯಾರ" ಎಂದು ಹೇಳಿಬಿಟ್ಟಿತು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತಂತೆ.

ಆ ದಿನದಿಂದ ಮಗುವಿನ ಪುಸ್ತಕದಲ್ಲಿ ಯಾವ ತಪ್ಪು ತಿದ್ದುಪಡಿಯೂ ಕಾಣಲಿಲ್ಲ. ಅಕ್ಕೋರು ಎಚ್ಚರಗೊಂಡರೆಂದು ನಾವು ಮನಸ್ಸಿನಲ್ಲಿಯೇ ಹಿಗ್ಗಿದೆವು. ಒಂದು ತಿಂಗಳ ನಂತರ ಪುಟಗಳನ್ನು ತಿರುವಿ ನೋಡಿದಾಗ ನಿಜ ಸಂಗತಿ ತಿಳಿಯಿತು. ಮಗು 'ಅಬ್ಯಾಸ' ಎಂದು ಬರೆದಿತ್ತು. ಅದರ ಮೇಲೆ ಸರಿ ಎಂಬ ಗೀಟು. 'ವಿದ್ಯಾರ್ತಿ' ಎಂದು ಬರೆದಿತ್ತು; ಅದಕ್ಕೂ ಸರಿ ಗೀಟು. ಪ್ರತಿ ಪುಟದ ಕೆಳಗೆ ಒಂದು ಗೀಟು, ಒಂದು ಸಹಿ, ಒಂದು ದಿನಾಂಕ, ಅಷ್ಟೇ. ತಪ್ಪು ತಿದ್ದುಪಡಿ ನಿಂತಿತ್ತು. ಅದರೊಡನೆ ಸರಿಯಾದ ತಿದ್ದುಪಡಿಯೂ ನಿಂತುಹೋಗಿತ್ತು. ನಮ್ಮ ಒಂದು ಸಂಜೆಯ ನಗೆಗೆ ಆ ತರಗತಿಯ ಅಷ್ಟೂ ಮಕ್ಕಳು ದಂಡ ತೆತ್ತಿದ್ದರು.

ನಾಚಿಕೆಯಿಂದ ಶಾಲೆಗೆ ಹೋದೆವು. ಅಕ್ಕೋರು ಇನ್ನೂ ಚಿಕ್ಕ ವಯಸ್ಸಿನವರು, ಅತಿಥಿ ಶಿಕ್ಷಕಿ. ಮಾನ್ವಿ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ತರಗತಿಯಲ್ಲಿ 42 ಮಕ್ಕಳು. ನೋಟುಪುಸ್ತಕಗಳನ್ನು ಚೀಲದಲ್ಲಿ ಮನೆಗೆ ಒಯ್ದು, ರಾತ್ರಿ ಅಡುಗೆ ಮುಗಿಸಿ ನೋಡುತ್ತಿದ್ದರು. ನಾವು ಕ್ಷಮೆ ಕೇಳಿದಾಗ ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ನೀವು ಹಿರಿಯರದೀರಿ, ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ. ತಿದ್ದಿದ್ರ ಎಲ್ಲಿ ತಪ್ಪಾಗತೈತೋ ಅಂತ ಅಂಜಿಕಿ ಆಗೇತ್ರಿ. ಟಿಕ್ ಹಾಕಿದ್ರ ಯಾರೂ ನಗಂಗಿಲ್ಲ."

ಬಂಧುಗಳೇ, ಅಂಜಿದ ಕೈ ಏನನ್ನೂ ತಿದ್ದಲಾರದು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು. ಶಿಕ್ಷಕರ ತಪ್ಪನ್ನು ಕಂಡಾಗ ಪಾಲಕರು ಮೂರು ವಸ್ತುಗಳನ್ನು ಒಟ್ಟಿಗೆ ಉಳಿಸಿಕೊಳ್ಳಬೇಕು. ಒಂದು, ಪದದ ಸರಿಯಾದ ರೂಪ. ಎರಡು, ಗುರುವಿನ ಮೇಲೆ ಮಗುವಿಗಿರುವ ವಿಶ್ವಾಸ. ಮೂರು, ತಿದ್ದಲು ಗುರುವಿಗಿರುವ ಧೈರ್ಯ. ಸುಮ್ಮನಿದ್ದರೆ ಮೊದಲನೆಯದು ಹೋಗುತ್ತದೆ. ನಕ್ಕರೆ ಮೂರೂ ಹೋಗುತ್ತವೆ.

ತಪ್ಪು ಏಕೆ ಆಗುತ್ತದೆಂಬುದನ್ನು ಮೊದಲು ವಿಚಾರ ಮಾಡೋಣ. 'ಪರೀಕ್ಷೆ'ಯನ್ನೇ ತೆಗೆದುಕೊಳ್ಳಿ. 'ಪರಿ' ಎಂಬುದಕ್ಕೆ 'ಈಕ್ಷೆ' ಸೇರಿ ಸವರ್ಣದೀರ್ಘ ಸಂಧಿಯಾಗಿ ಪರೀಕ್ಷೆಯಾಯಿತು. ಈಕ್ಷೆ ಎಂದರೆ ನೋಡುವುದು. ನಿರೀಕ್ಷೆ, ಸಮೀಕ್ಷೆಗಳಲ್ಲಿರುವುದೂ ಅದೇ. ಆದುದರಿಂದ ಅಲ್ಲಿ ದೀರ್ಘ. ಆದರೆ ಶಿಕ್ಷೆ, ಭಿಕ್ಷೆಗಳಲ್ಲಿ ಹ್ರಸ್ವ. ದೀಕ್ಷೆಯಲ್ಲಿ ಮತ್ತೆ ದೀರ್ಘ. ಮೂಲವನ್ನು ಯಾರೂ ಬಿಡಿಸಿ ಹೇಳಿಕೊಡದಿದ್ದರೆ ಶಿಕ್ಷೆಯನ್ನು ನೋಡಿ ಪರೀಕ್ಷೆಯನ್ನು ಬರೆಯುವುದು ಅಸ್ವಾಭಾವಿಕವೇನಲ್ಲ. ಆ ಅಕ್ಕೋರಿಗೆ ಅವರ ಗುರುಗಳು ಇದನ್ನು ಹೇಳಿಕೊಟ್ಟಿರಲಿಲ್ಲ. ಆ ಗುರುಗಳಿಗೆ ಅವರ ಗುರುಗಳೂ ಹೇಳಿಕೊಟ್ಟಿರಲಿಕ್ಕಿಲ್ಲ.

ಮಹಾಪ್ರಾಣಗಳ ಕಷ್ಟವೂ ಇಂಥದ್ದೇ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಬಹಳ ವಿರಳ. ಸಂಸ್ಕೃತದಿಂದ ಬಂದ ಪದಗಳಲ್ಲಿ ಅವು ಇವೆಯಾದರೂ ದಿನದ ಮಾತಿನಲ್ಲಿ ನಮ್ಮ ನಾಲಿಗೆ ಅವನ್ನು ಒತ್ತಿ ಹೇಳುವುದಿಲ್ಲ. ಕಿವಿಗೆ ಕೇಳಿಸದ್ದನ್ನು ಕೈ ಬರೆಯುವುದು ಅಭ್ಯಾಸಬಲದಿಂದ ಮಾತ್ರ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣಗಳ ಅಗತ್ಯವೇ ಇಲ್ಲವೆಂದು ವಾದಿಸಿ, ಅವುಗಳಿಲ್ಲದೆಯೇ ಗ್ರಂಥಗಳನ್ನು ಬರೆದು ತೋರಿಸಿದರು. ಆ ವಾದವನ್ನು ಒಪ್ಪುವುದು ಬಿಡುವುದು ವಿದ್ವಾಂಸರಿಗೆ ಸೇರಿದ್ದು. ಪಠ್ಯಪುಸ್ತಕವೂ ಪರೀಕ್ಷೆಯೂ ರೂಢಿಯ ಕಾಗುಣಿತವನ್ನೇ ಕೇಳುವ ತನಕ ನಮ್ಮ ಮಕ್ಕಳು ಅದನ್ನು ಕಲಿಯಲೇಬೇಕು. 'ಧನ'ವನ್ನು 'ದನ'ವೆಂದು ಬರೆದರೆ ಐಶ್ವರ್ಯ ಹೋಗಿ ಎತ್ತು ಎಮ್ಮೆಗಳು ಬರುತ್ತವೆ. 'ಬೆಳೆ'ಯೂ 'ಬೆಲೆ'ಯೂ ಒಂದಾದರೆ ನಮ್ಮ ಹತ್ತಿ, ಭತ್ತದ ರೈತನ ಅರ್ಜಿಗೆ ಅರ್ಥವೇ ಉಳಿಯುವುದಿಲ್ಲ.

ನಮ್ಮ ಸೀಮೆಯ ಇತಿಹಾಸವನ್ನೂ ಮರೆಯಲಾಗದು. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. ಉನ್ನತ ವಿದ್ಯೆ ಉರ್ದುವಿನಲ್ಲಿತ್ತು. ಕನ್ನಡವು ಮನೆ, ಮಠ ಮತ್ತು ಕೆಲವೇ ಶಾಲೆಗಳ ಆಶ್ರಯದಲ್ಲಿ ಉಸಿರಾಡುತ್ತಿತ್ತು. ಪಂಡಿತ ತಾರಾನಾಥರಂಥವರು ಈ ಊರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ್ದು ಆ ಕಾಲದಲ್ಲಿ. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷಪೀಠದಲ್ಲಿ ಕುಳಿತವರು ಪಂಜೆ ಮಂಗೇಶರಾಯರು. ಅವರು ಶಾಲಾ ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಗಳಾಗಿ ದುಡಿದು, ಮಕ್ಕಳಿಗಾಗಿ ಪದ್ಯ ಕಥೆಗಳನ್ನು ಬರೆದವರು. ಪರಭಾಷೆಯ ಆಳ್ವಿಕೆಯಲ್ಲಿದ್ದ ನಮ್ಮ ಹಿರಿಯರು ಕನ್ನಡದ ಆ ಮಾಸ್ತರರನ್ನು ಗೌರವಿಸಿ ಕರೆಸಿದ್ದನ್ನು ನಾವು ನೆನೆಯಬೇಕು. 2011ರ ಜನಗಣತಿಯಲ್ಲಿ ಸಹ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 60ರ ಆಸುಪಾಸಿನಲ್ಲಿತ್ತು. ರಾಜ್ಯದ್ದು ಶೇಕಡಾ 75. ಇಂದು ನಮ್ಮ ಶಾಲೆಗಳಲ್ಲಿ ಕಲಿಸುತ್ತಿರುವ ಎಷ್ಟೋ ಮಂದಿ ಶಿಕ್ಷಕರು ತಮ್ಮ ಮನೆತನದಲ್ಲಿ ಮೊದಲ ಸಲ ಅಕ್ಷರ ಕಂಡವರು. ಅವರ ಬರಹದಲ್ಲಿ ಒಂದು ದೀರ್ಘ ತಪ್ಪಿದ್ದನ್ನು ನೋಡುವ ಕಣ್ಣು, ಅವರು ಅಲ್ಲಿಯವರೆಗೆ ನಡೆದುಬಂದ ದಾರಿಯನ್ನೂ ನೋಡಬೇಕು. ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೇ?

ಹಾಗೆಂದು ತಪ್ಪನ್ನು ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಸಮಾಜದ ಮನೆಗಳಲ್ಲಿ ಒಂದು ಸಂಕೋಚವಿದೆ. ಅಷ್ಟಾವರಣಗಳಲ್ಲಿ ಗುರುವೇ ಮೊದಲಿಗ. ಗುರುವಿನಲ್ಲಿ ದೋಷ ಎಣಿಸುವುದು ಹೇಗೆ ಎಂದು ಹಿರಿಯರು ಕೇಳುತ್ತಾರೆ. ಈ ಸಂಕೋಚ ಸದ್ಭಾವದಿಂದ ಹುಟ್ಟಿದ್ದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಶರಣರು ಅರಿವನ್ನೇ ಗುರುವಿನ ಸ್ಥಾನದಲ್ಲಿಟ್ಟವರು. ಅರಿವಿಗೆ ವಿರುದ್ಧವಾದುದನ್ನು ಭಕ್ತಿಯ ಹೆಸರಿನಲ್ಲಿ ಮಗುವಿನ ತಲೆಗೆ ತುಂಬಿದರೆ ಅದು ಗುರುಸೇವೆಯಾಗಲಾರದು.

ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಓದುಗರೆಲ್ಲ ಬಲ್ಲರು. ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಸುಮ್ಮನಿರಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿರೆಂದಳು. ಆದರೆ ಬೀದಿಯಲ್ಲಿ ನಿಂತು ಕೂಗಲಿಲ್ಲ. ಗಂಡನ ಕಾಯಕದಲ್ಲಿ ತನಗಿದ್ದ ಗೌರವದಿಂದಲೇ, ಮನೆಯ ಹೊಸ್ತಿಲೊಳಗೆ ಹೇಳಿದಳು. ಮಾರಯ್ಯನೂ ಅದನ್ನು ಅಪಮಾನವೆಂದು ತಿಳಿಯದೆ ಹೋಗಿ ಸುರಿದು ಬಂದ. ತಪ್ಪನ್ನು ಹೇಳುವ ಬಗೆಗೂ ಕೇಳುವ ಬಗೆಗೂ ಇದಕ್ಕಿಂತ ಹತ್ತಿರದ ಆದರ್ಶ ನಮಗೆ ಬೇಕಿಲ್ಲ.

ಇನ್ನು ಆಚರಣೆಯ ಮಾತು. ಮೊದಲನೆಯದಾಗಿ, ನಮಗೆ ತಪ್ಪೆಂದು ಕಂಡದ್ದು ನಿಜವಾಗಿಯೂ ತಪ್ಪೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು. ಕನ್ನಡದಲ್ಲಿ ಎರಡು ರೂಪಗಳೂ ಸಲ್ಲುವ ಪದಗಳು ಅನೇಕ. 'ಕಥೆ' ತತ್ಸಮ, 'ಕತೆ' ತದ್ಭವ, ಎರಡೂ ಸರಿ. 'ಸೂರ್ಯ' ಎಂಬುದನ್ನು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆದರೂ, ಯಕಾರದ ಮುಂದೆ ಅರ್ಕಾವೊತ್ತು ಇಟ್ಟು ಬರೆದರೂ ತಪ್ಪಾಗುವುದಿಲ್ಲ. ಅಷ್ಟೇಕೆ, ನಮ್ಮ ಮಾನ್ವಿಯ ಹೆಸರನ್ನೇ ಕೆಲವರು 'ಮಾನ್ವಿ' ಎಂದೂ ಕೆಲವರು 'ಮಾನವಿ' ಎಂದೂ ಬರೆಯುತ್ತಾರೆ. ಅದೇ ರೀತಿ ಶಿಕ್ಷಕರು ಮಾತಿನಲ್ಲಿ 'ಸಾಲಿ' ಎಂದರೆ ಅದು ತಪ್ಪಲ್ಲ, ಅದು ನಮ್ಮ ನಾಡಿನ ನುಡಿ. ಬರಹದಲ್ಲಿ 'ಶಾಲೆ' ಎಂದಿದ್ದರೆ ಸಾಕು. ಆದುದರಿಂದ ಮೊದಲು ಪಠ್ಯಪುಸ್ತಕವನ್ನು ತೆರೆಯಿರಿ, ಆಮೇಲೆ ನಿಘಂಟನ್ನು. ಕಿಟೆಲ್ ಅವರ ನಿಘಂಟು 1894ರಲ್ಲಿಯೇ ಹೊರಬಂದಿತು. ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳ ಬೃಹತ್ ನಿಘಂಟನ್ನೂ, ಮನೆಯಲ್ಲಿಟ್ಟುಕೊಳ್ಳಬಹುದಾದ ಸಂಕ್ಷಿಪ್ತ ನಿಘಂಟನ್ನೂ ಪ್ರಕಟಿಸಿದೆ. ಪ್ರತಿ ಮನೆಯಲ್ಲಿ ಒಂದು ಸಂಕ್ಷಿಪ್ತ ನಿಘಂಟು ಇರಬೇಕೆಂಬುದು ನಮ್ಮ ಬಹುದಿನದ ಆಶೆ.

ಎರಡನೆಯದಾಗಿ, ಕೈತಪ್ಪನ್ನೂ ತಿಳಿವಳಿಕೆಯ ಕೊರತೆಯನ್ನೂ ಬೇರೆಬೇರೆಯಾಗಿ ನೋಡಬೇಕು. ಅವಸರದಲ್ಲಿ ಒತ್ತಕ್ಷರವೊಂದು ಬಿಟ್ಟುಹೋಗುವುದು ಯಾರಿಗೂ ತಪ್ಪಿದ್ದಲ್ಲ. ಅದೇ ಪದ ಅದೇ ರೀತಿ ಮೂರು ಕಡೆ ಕಂಡರೆ ಅದು ತಿಳಿವಳಿಕೆಯ ಕೊರತೆ. ಇವೆರಡಕ್ಕಿಂತಲೂ ಗಂಭೀರವಾದುದು, ಮಗು ಸರಿಯಾಗಿ ಬರೆದುದನ್ನು ತಪ್ಪೆಂದು ಹೊಡೆದುಹಾಕುವುದು. ಮೊದಲನೆಯದನ್ನು ಮರೆತುಬಿಡಿ. ಎರಡನೆಯದನ್ನು ಬಿಡುವಿನಲ್ಲಿ ಹೇಳಿ. ಮೂರನೆಯದನ್ನು ಮಾತ್ರ ಮರುದಿನವೇ ಹೋಗಿ ಹೇಳಿ. ಅಲ್ಲಿ ಮಗುವಿಗೆ ಅನ್ಯಾಯವಾಗಿದೆ.

ಮೂರನೆಯದಾಗಿ, ಮಗುವಿಗೆ ಸುಳ್ಳು ಹೇಳಬಾರದು. "ಗುರುಗಳು ಬರೆದದ್ದೇ ಸರಿ, ಸುಮ್ಮನೆ ಬರೆ" ಎಂದರೆ ಮಗು ಸತ್ಯಕ್ಕಿಂತ ಅಧಿಕಾರ ದೊಡ್ಡದೆಂಬ ಪಾಠವನ್ನು ಕಲಿಯುತ್ತದೆ. "ನಿಮ್ಮ ಅಕ್ಕೋರಿಗೆ ಏನೂ ಬರುವುದಿಲ್ಲ" ಎಂದರೆ ನಾಳೆಯಿಂದ ಅವರು ಹೇಳುವ ಸರಿಯಾದ ಪಾಠವನ್ನೂ ಅದು ನಂಬುವುದಿಲ್ಲ. ಇವೆರಡರ ನಡುವೆ ಒಂದು ದಾರಿಯಿದೆ: "ನೀನು ಬರೆದದ್ದು ಸರಿಯಿದೆ, ಮಗಾ. ನಿಘಂಟಿನಲ್ಲಿ ನೋಡು, ಹೀಗೇ ಇದೆ. ಅಷ್ಟು ಪುಸ್ತಕ ನೋಡುವಾಗ ಅಕ್ಕೋರ ಕೈ ತಪ್ಪಿರಬೇಕು. ನಾವು ಅವರನ್ನು ಕೇಳುತ್ತೇವೆ." ಇಷ್ಟು ಹೇಳಿದರೆ ಮಗುವಿಗೆ ಪದವೂ ಉಳಿಯುತ್ತದೆ, ಗುರುವೂ ಉಳಿಯುತ್ತಾರೆ. ದೊಡ್ಡವರೂ ತಪ್ಪುತ್ತಾರೆ, ತಪ್ಪಿದರೆ ತಿದ್ದಿಕೊಳ್ಳಬಹುದು ಎಂಬ ಮೂರನೆಯ ಪಾಠವೂ ದೊರೆಯುತ್ತದೆ.

ನಾಲ್ಕನೆಯದಾಗಿ, ಶಿಕ್ಷಕರನ್ನು ಒಬ್ಬರನ್ನೇ ಕಾಣಬೇಕು. ಮಕ್ಕಳ ಮುಂದೆ, ಸಹೋದ್ಯೋಗಿಗಳ ಮುಂದೆ ಹೇಳಬಾರದು. ನೋಟುಪುಸ್ತಕದಲ್ಲಿ ಶಿಕ್ಷಕರ ಬರಹದ ಮೇಲೆ ನಾವು ಗೀಟು ಹಾಕಬಾರದು. ಅದನ್ನು ಮಗುವೇ ಹೊತ್ತುಕೊಂಡು ಹೋಗಬೇಕಾಗುತ್ತದೆ. ಆಪಾದನೆಯ ಬದಲು ಪ್ರಶ್ನೆಯಾಗಿ ಕೇಳುವುದು ಉತ್ತಮ: "ಈ ಪದದಲ್ಲಿ ನಮಗೆ ಸಂಶಯ ಬಂದಿದೆ, ನಿಘಂಟಿನಲ್ಲಿ ಹೀಗಿದೆ, ತಾವೊಮ್ಮೆ ನೋಡುತ್ತೀರಾ?" ಪಂಡಿತ ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣದ ಮೂಲಕ ಓದುಗರ ಪದಸಂಶಯಗಳಿಗೆ ಉತ್ತರ ಕೊಟ್ಟರು. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ... ಎಂದು ಬರೆಯಹೊರಟಿದ್ದ ನಮ್ಮ ಲೇಖನಿ ತಡೆಯಿತು; ಅದು ನಮ್ಮ ಸಮಾಜದ ರೂಢಿಯ ಮಾತು, ಅವರಿಗೆ 'ನಿಧನರಾದ' ಎಂದೇ ಬರೆಯಬೇಕು. ನೋಡಿ, ಪರರ ತಪ್ಪನ್ನು ಕುರಿತು ಬರೆಯುವಾಗಲೇ ನಮ್ಮ ಕೈ ಹೇಗೆ ಜಾರುತ್ತದೆ! ನಾವು ಹೇಳಬೇಕಾಗಿದ್ದುದು ಇಷ್ಟು: ಸಾಹಿತ್ಯ ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಆ ವಿದ್ವಾಂಸರ ಮುಂದೆ ಜನ ಸಂಶಯವನ್ನು ನಾಚಿಕೆಯಿಲ್ಲದೆ ಇಡುತ್ತಿದ್ದರು. ಅಂಥ ವಾತಾವರಣ ಪ್ರತಿ ಶಾಲೆಯಲ್ಲಿಯೂ ಬರಬೇಕು.

ಐದನೆಯದಾಗಿ, ಫೋಟೋ ತೆಗೆದು ಹರಡಬಾರದು. 2025ರ ಆರಂಭದಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ಸಚಿವರೊಬ್ಬರು ಅಂಗನವಾಡಿಯ ಹಲಗೆಯ ಮೇಲೆ 'ಶುಭವಾಗಲಿ' ಎಂದು ಬರೆಯುವಾಗ ಭಕಾರದಲ್ಲಿ ತಡವರಿಸಿದರು. ಆ ದೃಶ್ಯ ನಾಡಿನ ತುಂಬ ಹರಿದಾಡಿತು. ಕೆಲವು ದಿನ ನಾಡೆಲ್ಲ ನಕ್ಕಿತು. ಅಧಿಕಾರದಲ್ಲಿರುವವರನ್ನು ಜನ ಪ್ರಶ್ನಿಸುವುದು ಸಹಜವೇ. ಆದರೆ ಆ ನಗೆಯಿಂದ ಎಷ್ಟು ಮಕ್ಕಳು ಮಹಾಪ್ರಾಣವನ್ನು ಕಲಿತರೆಂದು ಕೇಳಿದರೆ ಉತ್ತರವೇನು? ಸಚಿವರಿಗಾದರೆ ಬೆಂಬಲಿಗರಿದ್ದಾರೆ. ಪ್ರತಿ ವರ್ಷ ಹೊಸದಾಗಿ ನೇಮಕವಾಗಬೇಕಾದ ಅತಿಥಿ ಶಿಕ್ಷಕಿಗೆ ಯಾರಿದ್ದಾರೆ? ನಮ್ಮ ಮನೆಯಿಂದ ಹೊರಟ ಆ ಒಂದು ಫೋಟೋವನ್ನು ಹಿಂದಕ್ಕೆ ತರಲು ನಮ್ಮಿಂದ ಆಗಲಿಲ್ಲ.

ಆರನೆಯದಾಗಿ, ವಿನಯದಿಂದ ಎರಡು ಮೂರು ಸಲ ಹೇಳಿದರೂ ತಪ್ಪು ಮುಂದುವರಿದರೆ ಮುಂದಿನ ಮೆಟ್ಟಿಲು ಹತ್ತಲು ಅಂಜಬಾರದು. ಮೊದಲು ಮುಖ್ಯ ಗುರುಗಳು. ಬಳಿಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2001ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಈ ಸಮಿತಿಗಳಿವೆ. ಅವುಗಳಲ್ಲಿ ಕುಳಿತುಕೊಳ್ಳುವವರು ನಮ್ಮಂಥ ಪಾಲಕರೇ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪಾಲಕರನ್ನು ಕ್ರಮವಾಗಿ ಕಂಡು ಮಗುವಿನ ಕಲಿಕೆಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದಿದೆ. ಕೆಳಗಿನ ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. 42 ಪುಸ್ತಕಗಳನ್ನು ಒಬ್ಬರ ಕೈಗೆ ಕೊಟ್ಟು ತಪ್ಪನ್ನು ಮಾತ್ರ ಎಣಿಸುವುದು ನ್ಯಾಯವೇ? ಅದನ್ನೂ ಸಮಿತಿಯಲ್ಲಿ ಕೇಳಬೇಕು. ಅದರಾಚೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಶಿಕ್ಷಕರ ತರಬೇತಿಗೆಂದೇ ಯರಮರಸ್‌ನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ. ಬರೆದುಕೊಡುವಾಗ ದಿನಾಂಕ, ಪುಟ, ಪದ ಇಷ್ಟನ್ನೂ ಸ್ಪಷ್ಟವಾಗಿ ಬರೆಯಿರಿ. ಶಿಕ್ಷೆಯ ಬದಲು ತರಬೇತಿಯನ್ನು ಬೇಡಿರಿ.

ಸ್ಪಷ್ಟವಾಗಿ ಬರೆದುಕೊಟ್ಟ ಆಕ್ಷೇಪಕ್ಕೆ ಬಲವಿದೆಯೆಂಬುದಕ್ಕೆ ಇತ್ತೀಚಿನ ನಿದರ್ಶನವೇ ಇದೆ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು ನಡೆಸಿದ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಭಾಷಾಂತರದ ದೋಷಗಳು ತುಂಬಿದ್ದವು. ಅಭ್ಯರ್ಥಿಗಳು ಪ್ರಶ್ನೆಗಳನ್ನೇ ಮುಂದಿಟ್ಟು ಆಕ್ಷೇಪಿಸಿದರು. ಸರ್ಕಾರ ಮರುಪರೀಕ್ಷೆಗೆ ಸೂಚಿಸಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ತಪ್ಪುಗಳು ಉಳಿದವೆಂಬ ದೂರು ಮತ್ತೆ ಎದ್ದಿತು. ತಪ್ಪು ತಿದ್ದಿಸುವ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ, ತಾಳ್ಮೆ ಬೇಕು ಎಂಬುದಕ್ಕೂ ಇದೇ ನಿದರ್ಶನ.

ಬರಹದ ತಪ್ಪು ಈ ಕಾಲದ ಹೊಸ ರೋಗವೇನಲ್ಲ. ನಮ್ಮ ಮಸ್ಕಿಯ ಬಂಡೆಬರಹ 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನು ಲೋಕಕ್ಕೆ ತೋರಿಸಿಕೊಟ್ಟಿತು. ಅದೇ ಚಕ್ರವರ್ತಿ ತನ್ನ ಹದಿನಾಲ್ಕನೆಯ ಬಂಡೆಶಾಸನದಲ್ಲಿ, ತನ್ನ ಬರಹಗಳು ಕೆಲವೆಡೆ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣವಿರಬಹುದೆಂದು ಒಪ್ಪಿಕೊಂಡಿದ್ದಾನೆ. ಆ ಶಾಸನದ ಭಗ್ನ ಪ್ರತಿಯೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ಚಕ್ರವರ್ತಿಯ ಕಲ್ಲಿನ ಮೇಲೆಯೇ ತಪ್ಪು ಬಿದ್ದಿರುವಾಗ ಕಪ್ಪು ಹಲಗೆಯ ಮೇಲೆ ಬೀಳುವುದು ಅಚ್ಚರಿಯಲ್ಲ. ನಮ್ಮ ಮದುವೆಯ ಆಮಂತ್ರಣ ಪತ್ರಿಕೆಗಳನ್ನು ನೋಡಿ, ಅಂಗಡಿಗಳ ಫಲಕಗಳನ್ನು ನೋಡಿ, ಕೆಲವೊಮ್ಮೆ ಈ ಪತ್ರಿಕೆಯ ಪುಟಗಳನ್ನೇ ನೋಡಿ. ಮನೆಯ ಅಂಗಳವನ್ನು ಗುಡಿಸಿಕೊಂಡೇ ಶಾಲೆಯ ಅಂಗಳಕ್ಕೆ ಹೋಗುವುದು ಲೇಸು.

ಕೊನೆಯದಾಗಿ ಒಂದು ಮಾತು, ಇದೇ ಮುಖ್ಯವಾದುದು. ದೇವದುರ್ಗ ತಾಲ್ಲೂಕಿನ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುವವರೂ ಇದ್ದಾರೆ. ಆ ಅಜ್ಜಿ ಮೊಮ್ಮಗನ ಪುಸ್ತಕವನ್ನು ತೆರೆದು ನೋಡಿದರೆ ಕೆಂಪು ಗೀಟು ಮಾತ್ರ ಕಾಣುತ್ತದೆ; ಅದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದು ಕಾಣುವುದಿಲ್ಲ. ಅಂಥ ಮನೆಗಳ ಪರವಾಗಿ ಯಾರು ಕೇಳಬೇಕು? ಓದುಬರಹ ಬಲ್ಲ ನಾವು ಶಿಕ್ಷಕರ ತಪ್ಪನ್ನು ಕಂಡಾಗ ನಕ್ಕು, ನಮ್ಮ ಮಗುವನ್ನು ಮಾತ್ರ ಬೇರೆ ಶಾಲೆಗೆ ಸೇರಿಸಿ ಕೈತೊಳೆದುಕೊಂಡರೆ, ಆ ತಪ್ಪು ಓದುಬರಹ ಬಾರದವರ ಮಕ್ಕಳ ಪಾಲಿಗೆ ಉಳಿಯುತ್ತದೆ. ಕಣ್ಣಿದ್ದವರು ಕಂಡದ್ದನ್ನು ಹೇಳುವುದು ದಾಸೋಹದ ಒಂದು ಬಗೆಯೆಂದೇ ನಾವು ತಿಳಿಯುತ್ತೇವೆ.

ಆ ಅಕ್ಕೋರ ಸಂಗತಿಯನ್ನು ಪೂರ್ತಿ ಮಾಡುತ್ತೇವೆ. ಅಂದು ನಾವು ಅವರೊಡನೆ ಕುಳಿತು 'ಪರಿ' ಮತ್ತು 'ಈಕ್ಷೆ'ಯನ್ನು ಬಿಡಿಸಿ ನೋಡಿದೆವು. "ಇದನ್ನ ಹಿಂಗ ಯಾರೂ ಹೇಳಿರಲಿಲ್ರಿ" ಎಂದರು. ನಮ್ಮ ಮನೆಯ ಸಂಕ್ಷಿಪ್ತ ನಿಘಂಟನ್ನು ಒಯ್ದು ಕೊಟ್ಟೆವು. ಕೆಲವು ದಿನಗಳಲ್ಲಿ ತರಗತಿಯ ಹಲಗೆಯ ಒಂದು ಮೂಲೆಯಲ್ಲಿ 'ಸಂಶಯದ ಪದಗಳು' ಎಂಬ ತಲೆಬರಹ ಕಾಣಿಸಿಕೊಂಡಿತು. ಮಕ್ಕಳಿಗಾಗಲಿ ಅಕ್ಕೋರಿಗಾಗಲಿ ಸಂಶಯ ಬಂದ ಪದವನ್ನು ಅಲ್ಲಿ ಬರೆಯುವುದು, ದಿನಕ್ಕೊಬ್ಬ ಮಗು ನಿಘಂಟಿನಲ್ಲಿ ಹುಡುಕಿ ಓದಿ ಹೇಳುವುದು. ನೋಟುಪುಸ್ತಕದಲ್ಲಿ ಕೆಂಪು ಶಾಯಿ ಮತ್ತೆ ಬಂದಿತು. ಒಮ್ಮೊಮ್ಮೆ ತಪ್ಪೂ ಬಂದಿತು. ಅದರ ಮುಂದೆ ಅಕ್ಕೋರು ತಾವೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿರುತ್ತಿದ್ದರು.

ಶಾಲಾ ವರ್ಷ ಮುಗಿಯುತ್ತಲೇ ಅವರ ಅವಧಿಯೂ ಮುಗಿಯಿತು. ಮರುವರ್ಷ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ನೇಮಕವಾಯಿತೆಂದು ತಿಳಿಸಲು ಮನೆಗೆ ಬಂದಿದ್ದರು. ನಿಘಂಟನ್ನು ಹಿಂದಿರುಗಿಸಲು ಚೀಲದಿಂದ ತೆಗೆದರು. ಅದು ಅಲ್ಲಿಯೇ ಹೆಚ್ಚು ಬೇಕಾಗುತ್ತದೆಂದು ಹೇಳಿ ಅವರ ಕೈಗೇ ಮರಳಿ ಕೊಟ್ಟೆವು. ಅವರು ಹೋದ ಊರಿನಲ್ಲಿ ಅವರ ಕೆಂಪು ಶಾಯಿಯನ್ನು ಓದಬಲ್ಲ ಪಾಲಕರು ಎಷ್ಟು ಮಂದಿ ಇದ್ದಾರೋ! ಆದರೆ ಅಲ್ಲಿಯ ಮಕ್ಕಳು ಪರೀಕ್ಷೆ ಎಂಬ ಪದವನ್ನು ದೀರ್ಘ ಕೊಟ್ಟು ಬರೆಯುತ್ತಿರುತ್ತಾರೆಂಬ ನಂಬಿಕೆ ನಮಗಿದೆ.

ಮುಂದಿನ ಸಲ ಗುರುಗಳ ಬರಹದಲ್ಲಿ ತಪ್ಪು ಕಂಡಾಗ, ಓದುಗ ಬಂಧುಗಳೇ, ನಗುವ ಮೊದಲು ಮಗು ಎಲ್ಲಿ ಕುಳಿತಿದೆಯೆಂದು ಒಮ್ಮೆ ನೋಡಿರಿ.